ಜಿಮ್ನಿಗೆ 2 ಇಂಚು ಲಿಫ್ಟ್: ಟೋ ಸರಿಯಿದ್ದರೂ ಸ್ಟೇರಿಂಗ್ ಯಾಕೆ ಅಲೆಯುತ್ತದೆ?

ನನ್ನ ಜಿಮ್ನಿ ಜೀಪಿಗೆ ಲಿಫ್ಟ್ ಹಾಕಿಸಿದ (ಅಂದರೆ ಗಾಡಿಯನ್ನು ಎತ್ತರಿಸಿದ) ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ್ದೆ. ಚೀಟಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹಸಿರು ಬಣ್ಣದಲ್ಲಿ, ಅಂದರೆ ಸರಿಯಿದೆ ಎಂದು ಬಂದಿತ್ತು. ಆದರೂ ಹೈವೇಯಲ್ಲಿ 80 ದಾಟಿದ ಕೂಡಲೇ ಗಾಡಿ ಅತ್ತಿತ್ತ ಅಲೆಯುತ್ತಿತ್ತು. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ನಡುವಿಗೆ ಬರುತ್ತಿರಲಿಲ್ಲ. ಇದು ಕ್ಯಾಸ್ಟರ್ ಕಡಿಮೆಯಾದ ಲಕ್ಷಣ.

ಸೈಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಫೋರ್ಕ್ ನೆಟ್ಟಗಿರುವುದಿಲ್ಲ, ಮೇಲ್ತುದಿ ಸವಾರನ ಕಡೆ ವಾಲಿರುತ್ತದೆ. ಆ ವಾಲಿಕೆಯೇ ಕ್ಯಾಸ್ಟರ್. ಚಕ್ರವನ್ನು ನೇರಕ್ಕೆ ಎಳೆಯುವುದರಲ್ಲಿ ಅದರ ಪಾಲು ದೊಡ್ಡದು.

ಜಿಮ್ನಿಯ ಮುಂದಿರುವುದು ಗಟ್ಟಿ ಆಕ್ಸಲ್, ಅಂದರೆ ಎರಡೂ ಮುಂಚಕ್ರಗಳನ್ನು ಸೇರಿಸುವ ಒಂದೇ ದಂಡ. ಅದನ್ನು ಹಿಡಿದಿರುವ ಆರ್ಮ್‌ಗಳ ಹಿಂದಿನ ತುದಿ ಚಾಸಿಯಲ್ಲಿದೆ (ಗಾಡಿಯ ಚೌಕಟ್ಟಿನಲ್ಲಿ). ಚಾಸಿ ಮೇಲೇರಿದರೆ ಆ ತುದಿಯೂ ಏರುತ್ತದೆ, ಆಕ್ಸಲ್ ಮುಂದಕ್ಕೆ ವಾಲುತ್ತದೆ. ಲೆಕ್ಕಕ್ಕೆ ಆರ್ಮ್ 800 ಮಿ.ಮೀ. ಉದ್ದ ಅಂದುಕೊಳ್ಳಿ. 50 ಮಿ.ಮೀ. ಎತ್ತರಿಸಿದರೆ ಸುಮಾರು 3.6 ಡಿಗ್ರಿ ಕ್ಯಾಸ್ಟರ್ ಹೋಯಿತು! ಇದನ್ನು ಟೋ ಹೊಂದಿಸುವ ಟೈ ರಾಡ್ ತಿರುಗಿಸಿ ತರಲು ಆಗುವುದಿಲ್ಲ. ಆರ್ಮ್‌ನ ಕೀಲಿನಲ್ಲಿ ಕೂರುವ ಕ್ಯಾಸ್ಟರ್ ಕರೆಕ್ಷನ್ ಬುಷ್ ಬೇಕು. ಅದರ ತೂತು ನಡುವಿನಲ್ಲಿರದೆ ಪಕ್ಕಕ್ಕಿರುತ್ತದೆ, ಹಾಗಾಗಿ ಆಕ್ಸಲ್ ಮತ್ತೆ ಹಿಂದಕ್ಕೆ ವಾಲುತ್ತದೆ.

ಟೋ ಮಾತ್ರ ಲಿಫ್ಟ್‌ನಿಂದ ಕೆಡುವುದಿಲ್ಲ. ಟೈ ರಾಡ್ ಎರಡು ಚಕ್ರಗಳ ನಡುವೆ ಇದೆ, ಆಕ್ಸಲ್ ಜೊತೆಗೇ ಇರುತ್ತದೆ ಅಲ್ವಾ? ಅದಕ್ಕೇ ಹಸಿರು ಬಂದದ್ದು. ಆದರೆ ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗುವ ರಾಡ್ ಆದ ಡ್ರ್ಯಾಗ್ ಲಿಂಕ್‌ನ ಕೋನ ಬದಲಾಗಿ ಸ್ಟೇರಿಂಗ್ ವೀಲ್ ಸೊಟ್ಟ ನಿಲ್ಲುತ್ತದೆ. ಅದನ್ನು ಡ್ರ್ಯಾಗ್ ಲಿಂಕ್‌ನಲ್ಲೇ ಸರಿಮಾಡಬೇಕು. ವೀಲ್ ಕಿತ್ತು ಸುಮ್ನೆ ನೇರ ಮಾಡಿ ಕೂರಿಸಬೇಡಿ, ಗಾಡಿ ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ವ್ಯವಸ್ಥೆಗೆ ಸ್ಟೇರಿಂಗ್‌ನ ನಿಜವಾದ ನಡು ಗೊತ್ತಿರಬೇಕು. ಆಕ್ಸಲನ್ನು ಚಾಸಿಗೆ ಅಡ್ಡಕ್ಕೆ ಕಟ್ಟಿರುವ ಪ್ಯಾನ್‌ಹಾರ್ಡ್ ರಾಡ್ ಕೂಡ ಅದನ್ನು ಕೆಲವು ಮಿ.ಮೀ. ಪಕ್ಕಕ್ಕೆ ಎಳೆಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಆಕ್ಸಲ್ ನಡುವಿಗೆ ಬರುತ್ತದೆ.

2020ರ ಮಹೀಂದ್ರಾ ಥಾರ್‌ನ ಕಥೆ ಬೇರೆ. ಮುಂದೆ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಡಬಲ್ ವಿಶ್‌ಬೋನ್ ಇರುವುದರಿಂದ ಲಿಫ್ಟ್ ಆದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ), ಟೋ ಎರಡೂ ಬದಲಾಗುತ್ತವೆ. ಅಲ್ಲಿ ಟೋ ನೋಡದೆ ಓಡಿಸಿದರೆ ಟೈರ್ ಬೇಗ ಸವೆಯುತ್ತದೆ. ಗಾಡಿ ನಿಲ್ಲಿಸಿ, ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಒಳಗಿನಿಂದ ಹೊರಗೆ, ಮತ್ತೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆ ನುಣುಪಾಗಿದ್ದು, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಮೊದಲು ಟೋ ಚೆಕ್ ಮಾಡಿಸಿ.

ಇನ್ನೊಂದು ಮಾತು. ಗಾಡಿ ಜಾಕ್ ಮೇಲಿದ್ದಾಗ ರಬ್ಬರ್ ಬುಷ್‌ಗಳ ಬೋಲ್ಟ್ ಪೂರ್ತಿ ಬಿಗಿಸಬಾರದು. ಹಾಗೆ ಮಾಡಿದರೆ ನೆಲಕ್ಕಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಟಾರ್ಕ್ ರೆಂಚ್‌ನಿಂದ ಬಿಗಿಸಿ, ಆಮೇಲೆ ಅಲೈನ್‌ಮೆಂಟ್‌ಗೆ ಹೋಗಿ. ಚೀಟಿಯಲ್ಲಿ ಕ್ಯಾಸ್ಟರ್ ಅಂಕಿಯನ್ನೂ ಬರೆಸಿಕೊಳ್ಳಿ. ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ ಅಳೆಸಿದಾಗ ಹೋಲಿಸಲು ಅದೇ ಬೇಕಾಗುತ್ತದೆ.