ಡ್ರಿಫ್ಟರ್ಸ್ ಗ್ರೇಟೆಸ್ಟ್ ಹಿಟ್ಸ್: ಇಷ್ಟೊಂದರಲ್ಲಿ ಯಾವ್ದು ತಗೊಳ್ಳೋದು?

ಪ್ರಶ್ನೆ: 1950-60ರ ದಶಕದ ಅಮೆರಿಕದ ಗಾಯಕರ ತಂಡ ಡ್ರಿಫ್ಟರ್ಸ್ ಹಾಡು ಇತ್ತೀಚೆಗೆ ತುಂಬ ಹಿಡಿಸ್ತಿದೆ, ಒಂದೇ ಒಂದು ಒಳ್ಳೆ ಗ್ರೇಟೆಸ್ಟ್ ಹಿಟ್ಸ್ ತಗೊಳ್ಳೋಣ ಅಂತ ಹುಡುಕಿದ್ರೆ ಡಜನ್‌ಗಟ್ಟಲೆ ಬರ್ತವೆ. ಒಂದರಲ್ಲಿ 'ಅಂಡರ್ ದ ಬೋರ್ಡ್‌ವಾಕ್' ಯಾರೋ ಬೇರೆಯವ್ರು ಹಾಡಿದಂಗಿದೆ, ಇನ್ನೊಂದರಲ್ಲಿ ರಾಶಿ ಹಾಡಿದ್ರೂ ಆ ಹಾಡೇ ಇಲ್ಲ. ಯಾವ್ದು ನಂಬೋದು?

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಕಥೆ ಆಮೇಲೆ. ಒಂದೇ ಒಂದು ಬೇಕು ಅಂದ್ರೆ ಅಟ್ಲಾಂಟಿಕ್ ಅನ್ನೋ ರೆಕಾರ್ಡ್ ಕಂಪನಿ 1968ರಲ್ಲಿ ತಂದ 'ದ ಡ್ರಿಫ್ಟರ್ಸ್ ಗೋಲ್ಡನ್ ಹಿಟ್ಸ್' ತಗೊಳ್ಳಿ, 12 ಹಾಡು, ಅರ್ಧ ಗಂಟೆ ಚಿಲ್ಲರೆ. ಅದ್ರಲ್ಲಿ ರುಚಿ ಹತ್ತಿ ಇನ್ನೂ ಬೇಕು ಅನ್ಸಿದ್ರೆ ಅದೇ ಅಟ್ಲಾಂಟಿಕ್‌ನವ್ರು 1988ರಲ್ಲಿ ಮಾಡಿದ ಎರಡು ಸಿಡಿ ಸೆಟ್, 'ಆಲ್ ಟೈಮ್ ಗ್ರೇಟೆಸ್ಟ್ ಹಿಟ್ಸ್ ಅಂಡ್ ಮೋರ್: 1959-1965'. ಮಧ್ಯದ ದಾರಿ ಬೇಕಾದವ್ರಿಗೆ ಹಳೆ ಹಾಡು ಮತ್ತೆ ತರೋ ರೈನೋ ಕಂಪನಿಯ 1993ರ 'ವೆರಿ ಬೆಸ್ಟ್ ಆಫ್' ಇದೆ, ಅದೂ ಒರಿಜಿನಲ್ ರೆಕಾರ್ಡಿಂಗೇ. ಇಷ್ಟು ಸಾಕು ಅನ್ನೋರು ಇಲ್ಲೇ ನಿಲ್ಲಿಸ್ಬಹುದು.

ಆದ್ರೆ ನೀವು ಕೇಳಿರೋ ಎರಡು ವಿಚಿತ್ರಕ್ಕೂ, ಅಂದ್ರೆ ದನಿ ಬೇರೆ ಆಗಿರೋದಕ್ಕೂ ಹಾಡು ಕಾಣೆಯಾಗಿರೋದಕ್ಕೂ, ಬೇರೆ ಬೇರೆ ಕಾರಣ ಇದೆ, ಅದು ಗೊತ್ತಿಲ್ದೆ ಕೊಂಡ್ರೆ ಮತ್ತೆ ಅದೇ ಗುಂಡಿಗೆ ಬೀಳ್ತೀರ.

ಡ್ರಿಫ್ಟರ್ಸ್ ಅನ್ನೋದು ನಾಲ್ಕೈದು ಜನ ಸ್ನೇಹಿತರು ಸೇರಿ ಕಟ್ಟಿದ ತಂಡ ಅಂದ್ಕೊಂಡ್ರೆ ಅಲ್ಲೇ ತಪ್ಪೋದು. 1953ರಲ್ಲಿ ಕ್ಲೈಡ್ ಮ್ಯಾಕ್‌ಫ್ಯಾಟರ್ ಅನ್ನೋ ಅದ್ಭುತ ಗಾಯಕ ಬಿಲ್ಲಿ ವಾರ್ಡ್ ಅವರ ಡಾಮಿನೋಸ್ ತಂಡದಿಂದ ಹೊರಗೆ ಬಂದಿದಾನೆ ಅಂತ ಗೊತ್ತಾದ ತಕ್ಷಣ ಅಟ್ಲಾಂಟಿಕ್‌ನ ಮಾಲೀಕರಲ್ಲೊಬ್ಬರಾದ ಅಹ್ಮೆತ್ ಎರ್ಟೆಗನ್ ಅವನನ್ನ ಹಿಡಿದು, ಅವನ ಸುತ್ತ ಒಂದು ತಂಡ ಕಟ್ಟಿಸಿದ್ರು. ಮೊದಲ ಹಿಟ್ 'ಮನಿ ಹನಿ' 11 ವಾರ ರಿದಮ್ ಅಂಡ್ ಬ್ಲೂಸ್ (ಆಗಿನ ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ ನಂಬರ್ ಒನ್. 'ಹೋಮ್ ಅಲೋನ್' ಸಿನಿಮಾದಲ್ಲಿ ಆ ಹುಡುಗ ಕನ್ನಡಿ ಮುಂದೆ ನಿಂತು ತುಟಿ ಆಡಿಸೋ 'ವೈಟ್ ಕ್ರಿಸ್‌ಮಸ್' ಇದ್ಯಲ್ಲ, ಅದು ಇದೇ ತಂಡದ 1954ರ ರೆಕಾರ್ಡಿಂಗ್, ಆ ದಪ್ಪ ದನಿ ಬಿಲ್ ಪಿಂಕ್ನಿದು, ಆಮೇಲೆ ಮೇಲಕ್ಕೆ ಹಾರೋದು ಮ್ಯಾಕ್‌ಫ್ಯಾಟರ್. ಇಷ್ಟಾಗೋ ಹೊತ್ತಿಗೆ ಅವನನ್ನ ಸೈನ್ಯಕ್ಕೆ ಕರೆದ್ರು, ಆಮೇಲೆ ಅವನು ಸೋಲೋ ಹೊರಟ, ತಂಡದ ಹೆಸರಲ್ಲಿ ತನಗಿದ್ದ ಪಾಲನ್ನ ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್‌ಗೆ ಮಾರ್ಬಿಟ್ಟ. ಮುಂದಿನ ಗೊಂದಲಕ್ಕೆಲ್ಲ ಬೀಜ ಇಲ್ಲಿದೆ. ಅಲ್ಲಿಂದ ಮುಂದೆ ಹಾಡೋರು ಸಂಬಳದ ಆಳುಗಳು, ಹೆಸರು ಮಾತ್ರ ಮಾಲೀಕನದು.

1958ರಲ್ಲಿ ಹಾರ್ಲೆಮ್‌ನ ಅಪೋಲೋ ಥಿಯೇಟರ್‌ನಲ್ಲಿ ಒಂದು ಗಲಾಟೆ ಆಗಿ ಟ್ರೆಡ್‌ವೆಲ್ ಇಡೀ ತಂಡವನ್ನೇ ಮನೆಗೆ ಕಳಿಸಿದ. ಆದ್ರೆ ಡ್ರಿಫ್ಟರ್ಸ್ ಹೆಸರಲ್ಲಿ ಅದೇ ಥಿಯೇಟರ್‌ಗೆ ಮುಂದಿನ ಶೋಗಳ ಒಪ್ಪಂದ ಆಗಿಬಿಟ್ಟಿತ್ತು, ಬಿಡೋ ಹಂಗಿಲ್ಲ. ಸರಿ, ಫೈವ್ ಕ್ರೌನ್ಸ್ ಅಂತ ಇನ್ನೊಂದು ತಂಡ ಇತ್ತು, ಅವರನ್ನ ಕರ್ಕೊಂಡ್ ಬಂದು ಇವತ್ತಿಂದ ನೀವೇ ಡ್ರಿಫ್ಟರ್ಸ್ ಅಂದ. ಆ ಹೊಸಬರಲ್ಲಿ ಒಬ್ಬ ಬೆಂಜಮಿನ್ ನೆಲ್ಸನ್, ಮುಂದೆ ಬೆನ್ ಇ. ಕಿಂಗ್ ಅಂತ ಹೆಸರು ಮಾಡ್ದೋನು. ಅಂದ್ರೆ 1958ರ ಮೊದ್ಲಿನ ಡ್ರಿಫ್ಟರ್ಸ್‌ಗೂ 1959ರ ಡ್ರಿಫ್ಟರ್ಸ್‌ಗೂ ಹೆಸರು ಬಿಟ್ರೆ ಏನೂ ಸಂಬಂಧ ಇಲ್ಲ, ಜನ ಬೇರೆ, ಸಂಗೀತವೂ ಬೇರೆ. ಅದಕ್ಕೇ ಅಟ್ಲಾಂಟಿಕ್‌ನವ್ರು 1988ರಲ್ಲಿ ಬುದ್ಧಿವಂತಿಕೆ ಮಾಡಿ ಎರಡು ಸೆಟ್ ಬೇರೆ ಬೇರೆಯಾಗಿ ತಂದಿದ್ದು, 1953ರಿಂದ 1958ರದ್ದು 'ಲೆಟ್ ದ ಬೂಗಿ ವೂಗಿ ರೋಲ್', ಆಮೇಲಿಂದು ನಾನು ಮೇಲೆ ಹೇಳಿದ್ದು. ಎರಡನ್ನೂ ಕಲಸಿ ಒಂದೇ ಸಿಡಿ ಮಾಡಿರೋ ಕಲೆಕ್ಷನ್‌ಗಳೂ ಸಿಗ್ತವೆ, ನನಗಂತೂ ಅವು ಇಷ್ಟ ಇಲ್ಲ, 'ಮನಿ ಹನಿ' ಮುಗಿದ ಕೂಡ್ಲೇ ಪಿಟೀಲು ಶುರುವಾದ್ರೆ ಎರಡಕ್ಕೂ ಅನ್ಯಾಯ.

ಆ ಪಿಟೀಲಿನ ವಿಷ್ಯ ಸ್ವಲ್ಪ ಹೇಳ್ಲೇಬೇಕು. 1959ರಲ್ಲಿ ಹಾಡು ಬರೆದು ರೆಕಾರ್ಡ್ ಮಾಡಿಸೋ ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಜೋಡಿ 'ದೇರ್ ಗೋಸ್ ಮೈ ಬೇಬಿ' ಮಾಡುವಾಗ ಹಿಂದೆ ವಯಲಿನ್ ಸಾಲು ಇಟ್ರು, ಟಿಂಪನಿ ಅನ್ನೋ ದೊಡ್ಡ ಡ್ರಮ್ ಬಾರಿಸಿದ್ರು, ಅದು ಹಾಡಿನ ಶ್ರುತಿಗೂ ಸರಿಯಾಗಿ ಕೂರಲ್ಲ, ಮುಂದೆ ಕಿಂಗ್ ಒಳ್ಳೆ ಚರ್ಚಿನಲ್ಲಿ ಗೋಳಿಡೋ ಥರ ಹಾಡ್ತಾನೆ. ಅಟ್ಲಾಂಟಿಕ್‌ನ ಪಾಲುದಾರ ಜೆರ್ರಿ ವೆಕ್ಸ್‌ಲರ್‌ಗೆ ಇದು ಚೂರೂ ಹಿಡಿಸ್ಲಿಲ್ಲ, ರೇಡಿಯೋದಲ್ಲಿ ಎರಡು ಸ್ಟೇಷನ್ ಒಟ್ಟಿಗೆ ಬರ್ತಿರೋ ಹಂಗಿದೆ ಅಂತ ಬೈದ್ರು. ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯ್ತು! ಸೋಲ್ ಅನ್ನೋ ಕಪ್ಪು ಅಮೆರಿಕನ್ನರ ಭಾವುಕ ಸಂಗೀತಕ್ಕೆ ವಯಲಿನ್ ಬಂದ ದಾರಿ ಯಾವ್ದು ಅಂತ ಕೇಳಿದ್ರೆ ನಾನಂತೂ ಈ ಹಾಡನ್ನೇ ತೋರಿಸ್ತೀನಿ. 'ಗೋಲ್ಡನ್ ಹಿಟ್ಸ್' ಶುರುವಾಗೋದೂ ಇದ್ರಿಂದಲೇ.

ಆ 12 ಹಾಡಿನ ರೆಕಾರ್ಡ್ ಯಾಕೆ ನನಗಿಷ್ಟ ಅಂದ್ರೆ, ಸುಮಾರಾಗಿ ಕಾಲದ ಕ್ರಮದಲ್ಲೇ ಇದೆ, ಕೂತು ಕೇಳಿದ್ರೆ ಮುಖ್ಯ ಗಾಯಕ ಬದಲಾಗೋದು ಕಿವಿಗೇ ಗೊತ್ತಾಗತ್ತೆ. 12ರಲ್ಲಿ ಐದು ಬೆನ್ ಇ. ಕಿಂಗ್‌ದು, ಒಂದು ಜಾನಿ ಲೀ ವಿಲಿಯಮ್ಸ್ ಅನ್ನೋರದು, ಮೂರು ರೂಡಿ ಲೂಯಿಸ್‌ದು, ಕೊನೆಯ ಮೂರು ಜಾನಿ ಮೂರ್‌ದು. ಕಿಂಗ್ ಹಾಡಿದ 'ಸೇವ್ ದ ಲಾಸ್ಟ್ ಡ್ಯಾನ್ಸ್ ಫಾರ್ ಮಿ' 1960ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು, ಈ ತಂಡಕ್ಕೆ ಅಲ್ಲಿ ಪಾಪ್ ಪಟ್ಟಿಯಲ್ಲಿ ಅದೊಂದೇ ನಂಬರ್ ಒನ್. ಅದನ್ನ ಬರೆದ ಡಾಕ್ ಪೋಮಸ್‌ಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕಾಲಿಗೆ ಶಕ್ತಿ ಇರಲಿಲ್ಲ, ತನ್ನ ಮದುವೇಲಿ ಹೆಂಡ್ತಿ ಬೇರೆಯವ್ರ ಜೊತೆ ಕುಣಿಯೋದನ್ನ ಕೂತು ನೋಡಿದ ನೆನಪಿಂದ ಬಂದಿದ್ದು ಅದು, ಆ ಖುಷಿ ಖುಷಿ ಲ್ಯಾಟಿನ್ ತಾಳದ ಕೆಳಗೆ ಇದಿದೆ ಅಂತ ಗೊತ್ತಾದ್ಮೇಲೆ ಮಾತುಗಳು ಬೇರೆಯಾಗೇ ಕೇಳಿಸ್ತವೆ. ಹಾಡು ಮೇಲೇರೋ ಹೊತ್ತಿಗೆ ಕಿಂಗ್ ಸಂಬಳದ ಜಗಳ ಮಾಡ್ಕೊಂಡು ತಂಡ ಬಿಟ್ಟಾಗಿತ್ತು. ಟಿವಿಯಲ್ಲಿ ಅವನ ದನಿಗೆ ಚಾರ್ಲಿ ಥಾಮಸ್ ತುಟಿ ಆಡಿಸ್ತಿದ್ದ.

ಇಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗತ್ತೆ, 'ಸ್ಟ್ಯಾಂಡ್ ಬೈ ಮಿ' ಯಾಕಿಲ್ಲ ಅಂತ ಕೆಲವರು ಬೇಜಾರು ಮಾಡ್ಕೋತಾರೆ. ಅದು ಡ್ರಿಫ್ಟರ್ಸ್ ಹಾಡೇ ಅಲ್ಲ ಸ್ವಾಮಿ, ತಂಡ ಬಿಟ್ಟ ಮೇಲೆ 1961ರಲ್ಲಿ ಕಿಂಗ್ ಸೋಲೋ ಆಗಿ ತಂದಿದ್ದು. 'ಬೆನ್ ಇ. ಕಿಂಗ್ ಅಂಡ್ ದ ಡ್ರಿಫ್ಟರ್ಸ್' ಅಂತ ಹೆಸರು ಹಾಕಿರೋ ಕಲೆಕ್ಷನ್‌ನಲ್ಲಿ ಅದನ್ನ ಸೇರಿಸಿರ್ತಾರೆ, ಅದು ಮೋಸ ಏನಲ್ಲ, ಎರಡೂ ಒಂದೇ ಕಂಪನಿ ಮನೆಯ ರೆಕಾರ್ಡಿಂಗು.

ಈಗ ನಿಮ್ಮ ಬೋರ್ಡ್‌ವಾಕ್. 1964ರ ಮೇ 21ಕ್ಕೆ ಸ್ಟುಡಿಯೋ ಬುಕ್ ಆಗಿತ್ತು, ವಾದ್ಯದವ್ರೆಲ್ಲ ಗೊತ್ತಾಗಿದ್ರು, ಹಾಡಬೇಕಾಗಿದ್ದೋನು ರೂಡಿ ಲೂಯಿಸ್, 'ಅಪ್ ಆನ್ ದ ರೂಫ್', 'ಆನ್ ಬ್ರಾಡ್‌ವೇ' ಹಾಡಿದ ಅದೇ ಗಾಯಕ. ಹಿಂದಿನ ರಾತ್ರಿ ಅವನು ತೀರ್ಕೊಂಡ. ಸೆಷನ್ ಮುಂದಕ್ಕೆ ಹಾಕೋಕಾಗ್ಲಿಲ್ಲ, ಹಳೆ ತಂಡದಲ್ಲೂ ಹಾಡಿದ್ದು ಆಗ ವಾಪಸ್ ಬಂದಿದ್ದ ಜಾನಿ ಮೂರ್‌ನ ಮೈಕ್ ಮುಂದೆ ನಿಲ್ಲಿಸಿದ್ರು. ಆ ಹಾಡಿನಲ್ಲಿ ಬೇಸಿಗೆ, ಸಮುದ್ರ ತೀರ, ಪ್ರೀತಿ ಎಲ್ಲ ಇದ್ರೂ ದನಿ ಯಾಕೆ ಅಷ್ಟು ತಗ್ಗಿದಂಗಿದೆ ಅಂತ ನಿಮಗೆ ಅನ್ಸಿದ್ರೆ, ಕಾರಣ ಇದೇ ಇರ್ಬಹುದು. ಅದೇ ದಿನ ರೆಕಾರ್ಡ್ ಆಗಿ ರೆಕಾರ್ಡಿನ ಹಿಂಬದಿಗೆ ಹೋದ 'ಐ ಡೋಂಟ್ ವಾಂಟ್ ಟು ಗೋ ಆನ್ ವಿದೌಟ್ ಯು' ಚಾರ್ಲಿ ಥಾಮಸ್ ಹಾಡಿದ್ದು, ಅದನ್ನೂ ಹುಡುಕಿ ಕೇಳಿ, 'ಗೋಲ್ಡನ್ ಹಿಟ್ಸ್'ನಲ್ಲಿ ಇಲ್ಲ.

ಒಂದು ಎಚ್ಚರಿಕೆ: 'ಅಂಡರ್ ದ ಬೋರ್ಡ್‌ವಾಕ್'ನಲ್ಲಿ ಒಂದು ಸಾಲು ರೇಡಿಯೋದವ್ರಿಗೆ ಮುಜುಗರ ಆಗತ್ತೆ ಅಂತ ಆಗಲೇ ಸ್ವಲ್ಪ ಸಭ್ಯ ಮಾಡಿ ಇನ್ನೊಂದು ವರ್ಷನ್ ಮಾಡಿದ್ರು, ಹಾಗಾಗಿ ಆ ಒಂದು ಸಾಲು ಬೇರೆ ಕೇಳಿಸಿದ ಮಾತ್ರಕ್ಕೆ ನಕಲಿ ಅಂದ್ಕೋಬೇಡಿ, ಎರಡೂ ಜಾನಿ ಮೂರ್‌ನವೇ. ನಕಲಿ ಅಂದ್ರೆ ಇಡೀ ಹಾಡೇ ಬೇರೆ ಇರತ್ತೆ.

ಅದು ಹೆಂಗಾಗತ್ತೆ ಅಂದ್ರೆ, ಕೆಲಸದಿಂದ ತೆಗೆದ ಹಳಬರು ಸುಮ್ನೆ ಕೂರ್ಲಿಲ್ಲ. ಬಿಲ್ ಪಿಂಕ್ನಿ 'ಒರಿಜಿನಲ್ ಡ್ರಿಫ್ಟರ್ಸ್' ಅಂತ ತಂಡ ಕಟ್ಟಿದ, ಮುಂದೆ ಚಾರ್ಲಿ ಥಾಮಸ್‌ದೂ ಒಂದು ಡ್ರಿಫ್ಟರ್ಸ್ ಆಯ್ತು, ಟ್ರೆಡ್‌ವೆಲ್ 1967ರಲ್ಲಿ ತೀರ್ಕೊಂಡ ಮೇಲೆ ಅವರ ಹೆಂಡತಿ ಫೇ ಟ್ರೆಡ್‌ವೆಲ್ ಕೈಲಿ ಅಧಿಕೃತ ತಂಡ. ಒಂದು ಕಂಪನಿಗೆ ಹಾಡಿದ ಹಾಡನ್ನ ಇನ್ನೊಂದು ಕಂಪನಿಗೆ ಇಷ್ಟು ವರ್ಷ ಹಾಡಬಾರದು ಅಂತ ಕರಾರು ಸಾಮಾನ್ಯ, ಆ ವರ್ಷ ಕಳೀತು ಅಂದ್ರೆ ಮುಗೀತು, ಯಾವ್ದೋ ಸಣ್ಣ ಕಂಪನಿಗೆ ಒಂದು ಮಧ್ಯಾಹ್ನದಲ್ಲಿ ಹಳೆ ಹಿಟ್ ಹಾಡೆಲ್ಲ ಮತ್ತೆ ಹಾಡ್ಬಿಡ್ತಾರೆ. ಕಂಪನಿಗೆ ಲಾಭ ಏನು ಅಂದ್ರೆ ಅಟ್ಲಾಂಟಿಕ್‌ಗೆ ದುಡ್ಡು ಕೊಡಬೇಕಿಲ್ಲ. ಆ ರೆಕಾರ್ಡಿಂಗ್ ಕೈಯಿಂದ ಕೈಗೆ ಹೋಗಿ ನೂರು ಬೇರೆ ಬೇರೆ ಕವರ್‌ನಲ್ಲಿ ಬರತ್ತೆ, ಕವರ್ ಮೇಲೆ ಮಾತ್ರ 1960ರ ಫೋಟೋ. ನಮ್ಮಲ್ಲೂ ಒಂದ್ಕಾಲದಲ್ಲಿ ಹಳೆ ಸಿನಿಮಾ ಹಾಡು ಅಂತ ಕ್ಯಾಸೆಟ್ ತಂದು ಹಾಕಿದ್ರೆ ಒಳಗೆ ಬೇರೆ ಯಾರೋ ಕೀಬೋರ್ಡ್ ಇಟ್ಕೊಂಡು ಹಾಡ್ತಿದ್ರಲ್ಲ, ಹಂಗೇ ಇದು, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಕೆಲವೊಮ್ಮೆ ನಿಜವಾದ ಹಳೆ ಗಾಯಕನೇ ಹಾಡಿರ್ತಾನೆ, ಮೂವತ್ತು ವರ್ಷ ತಡವಾಗಿ.

ಕಂಡುಹಿಡಿಯೋದು ಕಷ್ಟ ಇಲ್ಲ. ಸಿಡಿ ಆದ್ರೆ ಹಿಂದೆ ಸಣ್ಣ ಅಕ್ಷರ ಓದಿ, ಮೂಲ ಸದಸ್ಯರಲ್ಲಿ ಒಬ್ಬರೋ ಹೆಚ್ಚೋ ಜನ ಹೊಸದಾಗಿ ಹಾಡಿದ್ದಾರೆ ಅಂತ ಎಲ್ಲೋ ಮೂಲೇಲಿ ಬರೆದಿರ್ತಾರೆ. ಸ್ಟ್ರೀಮಿಂಗ್ ಆದ್ರೆ ಆಲ್ಬಮ್ ಕೆಳಗೆ ವೃತ್ತದೊಳಗೆ ಪಿ ಅಕ್ಷರ ಇರೋ ಸಾಲು ನೋಡಿ, ಅಲ್ಲಿ ಅಟ್ಲಾಂಟಿಕ್, ರೈನೋ ಅಥವಾ ಅವೆರಡರ ಮಾಲೀಕ ವಾರ್ನರ್ ಹೆಸರು ಇದ್ರೆ ನೆಮ್ಮದಿ. 'ರೀಮಾಸ್ಟರ್ಡ್' ಅಂತಿದ್ರೆ ಭಯ ಬೇಡ, ಅದು ಹಳೆ ಟೇಪನ್ನೇ ಶುಚಿ ಮಾಡಿರೋದು, 'ರೀರೆಕಾರ್ಡೆಡ್' ಅಂತಿದ್ರೆ ಮುಟ್ಟಬೇಡಿ, ಎಷ್ಟೋ ಜನ ಇವೆರಡನ್ನ ಒಂದೇ ಅಂದ್ಕೊಂಡಿರ್ತಾರೆ. ಕಿವಿಗೂ ಗೊತ್ತಾಗತ್ತೆ ಬಿಡಿ, ಒರಿಜಿನಲ್‌ನಲ್ಲಿ ವಯಲಿನ್ ನಿಜವಾದ ವಯಲಿನ್, ಮರುಹಾಡಿದ್ದರಲ್ಲಿ ಎಷ್ಟೋ ಸಲ ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡ್.

ಹಾಡೇ ಕಾಣೆ ಆಗಿರೋದಕ್ಕೆ ಕಾರಣ ಕಾನೂನು. ಯುರೋಪಿನಲ್ಲಿ ಧ್ವನಿಮುದ್ರಣದ ಕಾಪಿರೈಟ್ ಮೊದ್ಲು 50 ವರ್ಷ ಇತ್ತು, 2013ರಲ್ಲಿ ಅದನ್ನ 70ಕ್ಕೆ ಏರಿಸಿದ್ರು, ಆದ್ರೆ ಅಷ್ಟೊತ್ತಿಗೆ ಅವಧಿ ಮುಗಿದಿದ್ದ, ಅಂದ್ರೆ 1962ರ ತನಕ ಹೊರಬಂದ ರೆಕಾರ್ಡುಗಳಿಗೆ ಇದು ಸಿಗಲಿಲ್ಲ, ಅವು ಯಾರು ಬೇಕಾದ್ರೂ ಮಾರೋ ಹಂಗಾಯ್ತು. ಅದಕ್ಕೇ ಅಲ್ಲಿನ ಅಗ್ಗದ ದೊಡ್ಡ ದೊಡ್ಡ ಕಲೆಕ್ಷನ್‌ಗಳು ಸರಿಯಾಗಿ 1962ಕ್ಕೆ ಗೋಡೆ ಹಾಕಿದಂಗೆ ನಿಲ್ತವೆ. 'ಅಪ್ ಆನ್ ದ ರೂಫ್' 1962ರ ಕೊನೆಗೆ ಬಂದಿದ್ದು, ಅದು ಒಳಗೆ. 'ಆನ್ ಬ್ರಾಡ್‌ವೇ' 1963, ಹೊರಗೆ. ಬೋರ್ಡ್‌ವಾಕೂ 'ಸ್ಯಾಟರ್ಡೇ ನೈಟ್ ಅಟ್ ದ ಮೂವೀಸ್'ಉ 1964, ಅವೂ ಹೊರಗೆ. ನಿಮ್ಮ ಹತ್ರ ಇರೋದು ಇದೇ ಜಾತಿದು ಅಂತ ನನ್ನ ಅಂದಾಜು. ಅದ್ರಲ್ಲಿರೋ ಹಾಡು ಒರಿಜಿನಲ್ಲೇ ಇರತ್ತೆ, ಬಿಸಾಕ್ಬೇಡಿ, ಆದ್ರೆ ಒಳ್ಳೆ ಮಾಸ್ಟರ್ ಟೇಪಿಂದ (ಸ್ಟುಡಿಯೋದ ಮೂಲ ಟೇಪು) ಮಾಡಿರ್ತಾರೆ ಅನ್ನೋ ಗ್ಯಾರಂಟಿ ಇಲ್ಲ, ಹಳೆ ರೆಕಾರ್ಡಿಂದ ಎತ್ತಿರಬಹುದು. ಅಟ್ಲಾಂಟಿಕ್‌ನ ಎಂಜಿನಿಯರ್ ಟಾಮ್ ಡೌಡ್ 1958ರಲ್ಲೇ ಎಂಟು ಟ್ರ್ಯಾಕ್ ಮೆಷಿನ್, ಅಂದ್ರೆ ಎಂಟು ದನಿ ಬೇರೆ ಬೇರೆಯಾಗಿ ಹಿಡಿಯೋದು, ತಂದಿಟ್ಟಿದ್ರು, ಬೇರೆ ಕಡೆ ಎಲ್ಲ ಎರಡು ಮೂರು ಟ್ರ್ಯಾಕ್‌ನಲ್ಲಿ ಒದ್ದಾಡ್ತಿದ್ದ ಕಾಲ ಅದು, ಅಷ್ಟು ಚಂದ ಹಿಡಿದಿಟ್ಟಿದ್ದನ್ನ ಗೀಚು ಬಿದ್ದ ಪ್ರತಿಯಿಂದ ಕೇಳೋದು ಅಂದ್ರೆ ಹೊಟ್ಟೆ ಉರಿಯತ್ತೆ.

ಕೊನೆಗೆ ಬ್ರಿಟನ್ ಕಥೆ, ಇದನ್ನ ಬೇಗ ಮುಗಿಸ್ತೀನಿ. 70ರ ದಶಕದಲ್ಲಿ ಫೇ ಟ್ರೆಡ್‌ವೆಲ್ ತಂಡವನ್ನ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು, ಜಾನಿ ಮೂರೇ ಮುಂದೆ, ಬೆಲ್ ರೆಕಾರ್ಡ್ಸ್‌ಗೆ ಹೊಸ ಹಾಡು. 'ಕಿಸ್ಸಿನ್ ಇನ್ ದ ಬ್ಯಾಕ್ ರೋ ಆಫ್ ದ ಮೂವೀಸ್' 1974ರಲ್ಲಿ ಅಲ್ಲಿ 2ನೇ ಸ್ಥಾನಕ್ಕೆ ಹೋಯ್ತು. ಅಮೆರಿಕದಲ್ಲಿ ಯಾರೂ ಕ್ಯಾರೇ ಅನ್ಲಿಲ್ಲ. ಲಂಡನ್ ಕಡೆ ಇರೋ ಕನ್ನಡದವ್ರು ಅಲ್ಲಿನ ಅಂಗಡಿಲಿ ಕೊಂಡ್ರೆ ಈ ಹಾಡುಗಳು ತುಂಬಿರೋ ಡಿಸ್ಕ್ ಸಿಗೋ ಸಾಧ್ಯತೆ ಜಾಸ್ತಿ. ಕೆಟ್ಟ ಹಾಡಲ್ಲ, ಲೈಟಾದ ಪಾಪ್, ಆದ್ರೆ 'ದೇರ್ ಗೋಸ್ ಮೈ ಬೇಬಿ' ಕೇಳಿ ಅದೇ ಬೇಕು ಅಂತ ಹೋದವ್ರಿಗೆ ನಿರಾಸೆ ಗ್ಯಾರಂಟಿ. ಬೇಕು ಅನ್ಸಿದ್ರೆ ಪ್ರತ್ಯೇಕವಾಗಿ ತಗೊಳ್ಳಿ. ಮ್ಯಾಕ್‌ಫ್ಯಾಟರ್ ಕಾಲದ್ದೂ ಬೇಕು 60ರ ದಶಕದ್ದೂ ಬೇಕು, ಎಲ್ಲ ಒಂದೇ ಪೆಟ್ಟಿಗೇಲಿ ಬೇಕು ಅನ್ನೋರಿಗೆ ರೈನೋದವ್ರು 1996ರಲ್ಲಿ ಮಾಡಿದ ಮೂರು ಸಿಡಿಯ 'ರಾಕಿನ್ ಅಂಡ್ ಡ್ರಿಫ್ಟಿನ್' ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕ್ಬೇಕು, ಸಿಕ್ಕಿದ್ರೆ ಒಳಗೆ ಪುಸ್ತಕ ಇದೆಯಾ ಅಂತ ಕೇಳಿ ನೋಡ್ಕೊಂಡೇ ದುಡ್ಡು ಕೊಡಿ, ಯಾವ ಹಾಡು ಯಾರು ಹಾಡಿದ್ದು ಅನ್ನೋದು ಈ ತಂಡದ ವಿಷ್ಯದಲ್ಲಿ ಅದಿಲ್ದೆ ನೆನಪಿಟ್ಕೊಳ್ಳೋದು ಬಹಳ ಕಷ್ಟ.