ಬರ್ಲಿನ್ನಿನ ಕಾನೂನು, ಮಡಿಕೇರಿಯ ಹಾಸ್ಟೆಲು

ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್‌ನಲ್ಲಿ, ಜರ್ಮನಿ 2024ರ ಏಪ್ರಿಲ್ 1ರಂದು ವಯಸ್ಕರ ಬಳಕೆಗೆ ಗಾಂಜಾ ಬೆಳೆಯುವುದನ್ನು, ಪಡೆಯುವುದನ್ನು ಕಾನೂನುಬದ್ಧಗೊಳಿಸಿದವು. ಇಂಥ ಸುದ್ದಿ ಈಗ ಮಡಿಕೇರಿ, ಪೊನ್ನಂಪೇಟೆ, ಕುಶಾಲನಗರಗಳ ವಿದ್ಯಾರ್ಥಿಗಳ ಮೊಬೈಲಿಗೆ ಅದೇ ಸಂಜೆ ತಲುಪುತ್ತದೆ. ಹೋಂಸ್ಟೇಗಳಿಗೆ ಬರುವ ಪ್ರವಾಸಿಗರ ಮಾತಿನಲ್ಲೂ ಅದು ಕೇಳಿಬರುತ್ತದೆ. ಆದರೆ ತಲುಪುವುದು ತಲೆಬರಹ ಮಾತ್ರ, ಕಾನೂನಿನೊಳಗಿನ ಷರತ್ತುಗಳಲ್ಲ. ‘ಅಲ್ಲೆಲ್ಲ ಬಿಟ್ಟಿದ್ದಾರಲ್ಲ ಸಾರ್, ಅಂದಮೇಲೆ ಅಪಾಯ ಏನಿದೆ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಷರತ್ತುಗಳನ್ನು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಜರ್ಮನಿಯಲ್ಲಿ ಗಾಂಜಾ ಬೆಳೆದು ಸದಸ್ಯರಿಗೆ ಹಂಚುವ ಸಂಘಗಳು 18ರಿಂದ 21 ವರ್ಷದೊಳಗಿನ ಸದಸ್ಯರಿಗೆ ತಿಂಗಳಿಗೆ 30 ಗ್ರಾಂಗಿಂತ ಹೆಚ್ಚು ಕೊಡುವಂತಿಲ್ಲ, ಕೊಡುವುದರಲ್ಲಿ ಟಿಎಚ್‌ಸಿ ಎಂಬ ಅಮಲಿನ ಅಂಶ ಶೇ 10ನ್ನು ಮೀರುವಂತಿಲ್ಲ. ಅದಕ್ಕಿಂತ ಹಿರಿಯರಿಗೆ ಈ ಶೇಕಡಾವಾರು ಮಿತಿ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯವು 2020ರ ಜನವರಿಯಿಂದ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು. ಮನರಂಜನೆಗೆ ಗಾಂಜಾ ಮಾರಲು ಅನುಮತಿಸಿದ ಅಮೆರಿಕದ ರಾಜ್ಯಗಳಲ್ಲೂ 21 ದಾಟಿದವರೇ ಕೊಳ್ಳಬೇಕು. 2022ರಲ್ಲಿ ಬಾಗಿಲು ತೆರೆದ ಥಾಯ್ಲೆಂಡ್ ಮೂರೇ ವರ್ಷಗಳಲ್ಲಿ ವೈದ್ಯರ ಚೀಟಿ ಇಲ್ಲದೆ ಗಾಂಜಾ ಹೂ ಮಾರಬಾರದೆಂದು ಹಿಂದೆ ಸರಿಯಿತು. ಸಡಿಲಿಸಿದವರೂ ಕಾಲೇಜಿನ ವಯಸ್ಸಿನ ಬಗ್ಗೆ ಇಷ್ಟು ಎಚ್ಚರ ವಹಿಸಿರುವುದಕ್ಕೆ ಮಿದುಳಿನಲ್ಲಿ ಕಾರಣವಿದೆ.

ನಮ್ಮ ನರಕೋಶಗಳು ಪರಸ್ಪರ ಸಂದೇಶ ಕಳಿಸುವಾಗ ಅದರ ಭರಾಟೆ ಅತಿಯಾಗದಂತೆ ನೋಡಿಕೊಳ್ಳಲು ದೇಹವೇ ಕೆಲವು ರಾಸಾಯನಿಕಗಳನ್ನು, ಬೇಕಾದ ಕ್ಷಣದಲ್ಲಿ, ಬೇಕಾದ ಜಾಗದಲ್ಲಿ, ಬಹಳ ಅಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಅವು ಬಂದು ಕೂರುವ ಗ್ರಾಹಿಗಳಿಗೆ ಸಿಬಿ1 ಎಂದು ಹೆಸರು. ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನಲ್ಲೂ, ಮುಂದಾಲೋಚನೆಗೆ ಬೇಕಾದ ಮುಂಭಾಗದ ಮಿದುಳಿನಲ್ಲೂ ಇವು ಹೇರಳವಾಗಿವೆ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಟಿಎಚ್‌ಸಿ ಇದೇ ಗ್ರಾಹಿಗಳ ಮೇಲೆ ಕೂರುತ್ತದೆ. ವ್ಯತ್ಯಾಸವೆಂದರೆ ಸಮಯ, ಸ್ಥಳ, ಪ್ರಮಾಣ ಯಾವುದನ್ನೂ ಅದು ನೋಡುವುದಿಲ್ಲ. ಮುಂಭಾಗದ ಮಿದುಳಿನ ಬೆಳವಣಿಗೆ ಇಪ್ಪತ್ತರ ಮಧ್ಯದ ವಯಸ್ಸಿನವರೆಗೂ ನಡೆಯುತ್ತದೆ, ಮತ್ತು ಆ ಬೆಳವಣಿಗೆಯ ದೊಡ್ಡ ಪಾಲು ಹೊಸದನ್ನು ಸೇರಿಸುವುದಲ್ಲ, ಬಳಕೆಯಾಗದ ನರಸಂಪರ್ಕಗಳನ್ನು ತೆಗೆದುಹಾಕುವುದು. ಕೊಯ್ಲಾದ ಮೇಲೆ ಕಾಫಿ ಗಿಡದ ಬೇಡದ ರೆಂಬೆ, ಚಿಗುರುಗಳನ್ನು ತೆಗೆಯುವಾಗ ಯಾವುದನ್ನು ಉಳಿಸಬೇಕೆಂಬ ತಿಳಿವಳಿಕೆ ಕತ್ತಿ ಹಿಡಿದವನಿಗೆ ಇರಬೇಕಲ್ಲವೇ? ಮಿದುಳಿನಲ್ಲಿ ಆ ಆಯ್ಕೆಗೆ ನೆರವಾಗುವ ಸಂಕೇತಗಳಲ್ಲಿ ಸಿಬಿ1 ವ್ಯವಸ್ಥೆಯೂ ಒಂದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಹರೆಯದಲ್ಲಿ ಟಿಎಚ್‌ಸಿ ಪಡೆದವುಗಳ ಮಿದುಳಿನಲ್ಲಿ ಈ ಕೆಲಸ ಹದ ತಪ್ಪಿದ್ದು ಕಂಡುಬಂದಿದೆ.

ಒಮ್ಮೆ ಸೇದಿದವರೆಲ್ಲ ಹಾಳಾಗುತ್ತಾರೆ ಎನ್ನುವುದು ಸುಳ್ಳು. ಆ ಸುಳ್ಳನ್ನು ಹೇಳಿ ನಾವು ಕಳೆದುಕೊಂಡ ನಂಬಿಕೆಯೂ ಕಡಿಮೆಯದಲ್ಲ. ಬಳಸಿದವರಲ್ಲಿ ಸುಮಾರು ಶೇ 9 ಮಂದಿ ಅವಲಂಬಿಗಳಾಗುತ್ತಾರೆ, ಹದಿಹರೆಯದಲ್ಲೇ ಆರಂಭಿಸಿದವರಲ್ಲಿ ಆರರಲ್ಲಿ ಒಬ್ಬರು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. 2019ರಲ್ಲಿ ಪ್ರಕಟವಾದ, ಯುರೋಪಿನ ಹಲವು ನಗರಗಳನ್ನು ಒಳಗೊಂಡ ಅಧ್ಯಯನದಲ್ಲಿ ದಿನವೂ ಬಳಸುವವರಲ್ಲಿ ವಾಸ್ತವದ ಅರಿವು ತಪ್ಪುವ ಮನೋವಿಕೃತಿಯ ಸಂಭವ ಎಂದೂ ಬಳಸದವರಿಗಿಂತ ಮೂರು ಪಟ್ಟು, ದಿನವೂ ಕಡು ಗಾಂಜಾ ಸೇದುವವರಲ್ಲಿ ಸುಮಾರು ಐದು ಪಟ್ಟು ಇತ್ತು. ಬುದ್ಧಿಮಟ್ಟವೇ ಶಾಶ್ವತವಾಗಿ ಕುಸಿಯುತ್ತದೆ ಎಂಬ ವಾದ ಮಾತ್ರ ಅವಳಿಗಳ ಅಧ್ಯಯನಗಳ ಬಳಿಕ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಅದನ್ನು ಭಾಷಣಗಳಲ್ಲಿ ಉರುಳಿಸದಿರುವುದು ಒಳ್ಳೆಯದು.

ಭಾರತದ ಕಾನೂನಿನ ಬಗೆಗೂ ಗೊಂದಲವಿದೆ. ಉತ್ತರಾಖಂಡದಲ್ಲಿ ನಾರು ತೆಗೆಯಲೆಂದು ಗಾಂಜಾ ಗಿಡ ಬೆಳೆಯಲು ಅನುಮತಿಸಿರುವುದು ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇರುವ, ಅಮಲೇರಿಸದ ತಳಿಯನ್ನು. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಅಪಾಯವಿಲ್ಲ ಎಂಬ ಭಾವನೆ ಹೆಚ್ಚಿದಂತೆ ಬಳಕೆಯೂ ಹೆಚ್ಚುವುದನ್ನು ಅಮೆರಿಕದಲ್ಲಿ 1975ರಿಂದ ನಡೆಯುತ್ತಿರುವ ವಿದ್ಯಾರ್ಥಿ ಸಮೀಕ್ಷೆ ಹಲವು ದಶಕಗಳ ಕಾಲ ದಾಖಲಿಸಿದೆ. ಹಾಗೆಂದು ಬರಿಯ ಹೆದರಿಕೆಯಿಂದ ತಡೆ ಸಾಧ್ಯವಿಲ್ಲ. ಪೊಲೀಸರು ಶಾಲೆಗೆ ಬಂದು ಎಚ್ಚರಿಸುವ ಅಲ್ಲಿನ ಪ್ರಸಿದ್ಧ ಕಾರ್ಯಕ್ರಮದ ಮೂಲರೂಪ ಬಳಕೆಯನ್ನು ಹೆಚ್ಚೇನೂ ತಗ್ಗಿಸಲಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು ಒಂದು ತಪ್ಪು ಕಲ್ಪನೆಯನ್ನು ತಿದ್ದುವುದು. ‘ಎಲ್ಲರೂ ಸೇದುತ್ತಾರೆ’ ಎಂದು ವಿದ್ಯಾರ್ಥಿಗಳು ನಂಬಿರುತ್ತಾರೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಯಾವುದನ್ನಾದರೂ ಬಳಸಿದ್ದವರು ಶೇ 2.8 ಮಾತ್ರ. ಇದು 10ರಿಂದ 75 ವರ್ಷದವರೆಲ್ಲರ ಲೆಕ್ಕ. ಕಾಲೇಜು ಹುಡುಗರಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚಿರಬಹುದು, ಆದರೂ ‘ಎಲ್ಲರೂ’ ಎಂಬುದರ ಹತ್ತಿರಕ್ಕೂ ಬಾರದು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಅನೇಕ ಮನೆಗಳ ಹಬ್ಬ, ಮದುವೆಗಳಲ್ಲಿ ಮದ್ಯ ಮುಚ್ಚಿಟ್ಟು ಕುಡಿಯುವ ವಸ್ತುವಲ್ಲ. ಹಾಗಾಗಿ ಗಾಂಜಾ ಮಾತೆತ್ತಿದ ಅಪ್ಪನಿಗೆ ‘ನೀವು ಕುಡಿಯುವುದಿಲ್ಲವೇ?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಗದರಿ ಬಾಯಿ ಮುಚ್ಚಿಸುವುದಕ್ಕಿಂತ, ಕಾನೂನು ಎಳೆದ ಗೆರೆಯೂ ಮಿದುಳಿನ ಗೆರೆಯೂ ಒಂದೇ ಅಲ್ಲ, ಬೇಗ ಆರಂಭಿಸಿದರೆ ಹಾನಿ ಹೆಚ್ಚೆಂಬುದು ಮದ್ಯಕ್ಕೂ ಅನ್ವಯಿಸುತ್ತದೆ ಎಂದು ಒಪ್ಪಿಕೊಳ್ಳುವುದೇ ಸರಿಯಾದ ಉತ್ತರವೆಂದು ನನಗನ್ನಿಸುತ್ತದೆ.

ಈಗಾಗಲೇ ಅಭ್ಯಾಸವಾದವರಿಗೆ ಬಿಡುವಾಗ ಸಿಡುಕು, ನಿದ್ರೆಗೇಡು, ಹಸಿವಿಲ್ಲದಿರುವುದು ಒಂದೆರಡು ದಿನಗಳಲ್ಲಿ ಶುರುವಾಗಿ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಇದು ಮೊದಲೇ ತಿಳಿದಿದ್ದರೆ ನಿದ್ರೆ ಬರಲಿಲ್ಲವೆಂದು ಮತ್ತೆ ಸೇದುವುದು ತಪ್ಪೀತು. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಕಾಲೇಜಿನ ಸೂಚನಾಫಲಕದಲ್ಲಿ ಶಿಕ್ಷೆಯ ಜೊತೆ ಇದನ್ನೂ ಬರೆಯಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಪಿಯುಸಿ ಮುಗಿಸಿ ಮೈಸೂರು, ಮಂಗಳೂರು, ಬೆಂಗಳೂರಿನ ಪಿ.ಜಿ.ಗಳಿಗೆ ಹೊರಡುವ ಮಕ್ಕಳೊಡನೆ ಈ ಮಾತು ನಡೆಯಬೇಕಾದದ್ದು ಮನೆಯಲ್ಲೇ, ಮಳೆ ಹಿಡಿಯುವ ಮೊದಲಿನ ಆ ರಜೆಯಲ್ಲೇ.