ಬ್ರೌಸರ್ ಮುಚ್ಚಿದರೂ ಬರುವ ಜಾಹೀರಾತು

“ವೈರಸ್ ಬಂದುಬಿಟ್ಟಿದೆ, ಫಾರ್ಮ್ಯಾಟ್ ಮಾಡಿಕೊಡಿ.” ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಬರುವ ಮಾತಿದು. ರೋಗ ಯಾವುದೆಂದು ಅವರೇ ಹೇಳುತ್ತಾರೆ, ಮದ್ದನ್ನೂ ಅವರೇ ಬರೆದುಕೊಂಡು ಬಂದಿರುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಮೊದಲು ಕೇಳುವುದು ಒಂದೇ: ಜಾಹೀರಾತು ಎಲ್ಲಿ ಕಾಣಿಸುತ್ತದೆ, ಯಾವಾಗ ಕಾಣಿಸುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅದು ಒಳಗೆ ಬಂದ ದಾರಿ ಗೊತ್ತಾಗುತ್ತದೆ, ಅರ್ಧ ಕೆಲಸ ಮುಗಿಯುತ್ತದೆ. ದಾರಿ ನೋಡದೆ ಕ್ಲೀನರ್ ಮೇಲೆ ಕ್ಲೀನರ್ ಓಡಿಸುವುದು, ಮಾಡು ಸೋರುವಾಗ ನೆಲ ಒರೆಸುತ್ತ ಕೂತ ಹಾಗೆ.

ಮೊನ್ನೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಅವರ ಪರದೆಯ ಬಲಗಡೆ ಕೆಳಮೂಲೆಯಲ್ಲಿ ನಿಮಿಷಕ್ಕೊಂದು ಚೌಕ ಜಾರಿಕೊಂಡು ಬರುತ್ತಿತ್ತು. ಕೆಂಪು ಗುರಾಣಿಯ ಚಿತ್ರ, ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಪತ್ತೆಯಾಗಿವೆ’ ಎಂಬ ಬೆದರಿಕೆ, ಜೊತೆಗೆ ಹೆಸರಾಂತ ಆಂಟಿವೈರಸ್ ಒಂದರ ಲಾಂಛನದ ನಕಲು. ಬ್ರೌಸರ್ ಮುಚ್ಚಿದರೂ ನಿಲ್ಲುತ್ತಿರಲಿಲ್ಲ. ಹೆದರಿಕೊಂಡು ಎರಡು ಆಂಟಿವೈರಸ್, ಮೂರು ‘ಪಿಸಿ ಕ್ಲೀನರ್’ ಹಾಕಿಕೊಂಡಿದ್ದರು. ಯಾವುದಕ್ಕೂ ಏನೂ ಸಿಕ್ಕಿರಲಿಲ್ಲ. ಸಿಗುವುದಕ್ಕೆ ಏನಾದರೂ ಇದ್ದರೆ ತಾನೆ?

ಆ ಚೌಕವನ್ನು ಹತ್ತಿರದಿಂದ ನೋಡಿ. ದೊಡ್ಡ ಕೆಂಪು ಅಕ್ಷರ ಬಿಡಿ, ಸಣ್ಣ ಅಕ್ಷರ ಓದಿ. ಬ್ರೌಸರಿನ ಹೆಸರು ಇರುತ್ತದೆ, ಅದರ ಆಸುಪಾಸಿನಲ್ಲೇ ನೀವು ಎಂದೂ ಕೇಳಿರದ ಒಂದು ವೆಬ್‌ಸೈಟಿನ ವಿಳಾಸ ಇರುತ್ತದೆ. ಅಂದರೆ ಇದು ಮೇಲ್ ಬಂದಾಗ ಕಾಣಿಸುವಂಥದ್ದೇ ಒಂದು ನೋಟಿಫಿಕೇಶನ್. ಬ್ರೌಸರ್ ತನ್ನ ಸ್ವಂತ ವ್ಯವಸ್ಥೆಯಲ್ಲೇ, ನಿಮ್ಮ ಅನುಮತಿಯ ಮೇರೆಗೇ, ತಂದು ತೋರಿಸುತ್ತಿದೆ. ಹಾಗಾಗಿ ಆಂಟಿವೈರಸ್ ಕಣ್ಣಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕಿಟಕಿ ಮುಚ್ಚಿದರೂ ಬರುವುದೇಕೆ ಎಂದರೆ, ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರುವ ಒಂದು ಆಯ್ಕೆ ಇದೆ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ಭಾಗದಲ್ಲಿ ಅದನ್ನು ಆಫ್ ಮಾಡಬಹುದು.

ಮೇಷ್ಟ್ರ ಎದುರಿಗೇ ಕ್ರೋಮ್ ಸೆಟ್ಟಿಂಗ್ಸ್ ತೆರೆದೆ. ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದವರ ಪಟ್ಟಿಯಲ್ಲಿ 31 ವಿಳಾಸ ಇದ್ದವು.

“ನಾನು ಯಾರಿಗೂ ಅನುಮತಿ ಕೊಟ್ಟಿಲ್ಲಪ್ಪ” ಎಂದರು.

“ನೀವು ರೋಬೋ ಅಲ್ಲ ಅಂತ ಸಾಬೀತು ಮಾಡೋಕೆ ‘ಅಲೌ’ ಒತ್ತಿ ಅಂತ ಎಲ್ಲಾದರೂ ಕೇಳಿತ್ತಾ ಸಾರ್?”

“ಓ, ಅದಾ? ಅದನ್ನು ಒತ್ತದೇ ಇದ್ದರೆ ಪಿಡಿಎಫ್ ಡೌನ್‌ಲೋಡ್ ಆಗೋದೇ ಇಲ್ಲವಲ್ಲ!”

ಅಲ್ಲಿಗೆ ಬಂತು ವಿಷಯ. ಅಸಲಿ ಕ್ಯಾಪ್ಚಾ, ಅಂದರೆ ನೀವು ರೋಬೋ ಅಲ್ಲವೆಂದು ನೋಡುವ ಪರೀಕ್ಷೆ, ಪುಟದ ಒಳಗೇ ಇರುತ್ತದೆ. ಚಿತ್ರ ಆರಿಸಿ ಎನ್ನುತ್ತದೆ, ಚೌಕದಲ್ಲಿ ಟಿಕ್ ಹಾಕಿ ಎನ್ನುತ್ತದೆ. ಅಡ್ರೆಸ್ ಬಾರ್‌ಗೆ ಅಂಟಿಕೊಂಡು ಕೆಳಗಿಳಿಯುವ ‘ಅಲೌ, ಬ್ಲಾಕ್’ ಪೆಟ್ಟಿಗೆ ಬ್ರೌಸರಿನದು. ಅದಕ್ಕೂ ರೋಬೋ ಪರೀಕ್ಷೆಗೂ ಯಾವ ಸಂಬಂಧವೂ ಇಲ್ಲ. ವಿಡಿಯೊ ಶುರುವಾಗಲು, ವಯಸ್ಸು ಖಚಿತಪಡಿಸಲು, ಡೌನ್‌ಲೋಡ್ ಮಾಡಲು ಅಲೌ ಒತ್ತಿ ಎಂದು ಪುಟ ಬಾಣದ ಗುರುತು ಹಾಕಿ ತೋರಿಸಿದರೆ, ಆ ಬಾಣ ಬಿಡಿಸಿದವನೇ ಆಮೇಲೆ ಮೂಲೆಯಿಂದ ಜಾಹೀರಾತು ಕಳಿಸುವವನು. ಪರಿಹಾರ ಎರಡು ನಿಮಿಷದ್ದು: ಪಟ್ಟಿಯಲ್ಲಿ ಪ್ರತಿ ವಿಳಾಸದ ಪಕ್ಕದ ಮೂರು ಚುಕ್ಕಿ ಒತ್ತಿ ತೆಗೆದುಹಾಕುವುದು, ಮೇಲೆ ಯಾವ ಸೈಟೂ ನೋಟಿಫಿಕೇಶನ್ ಕಳಿಸಕೂಡದು ಎಂಬ ಆಯ್ಕೆ ಇಡುವುದು. ಫೈರ್‌ಫಾಕ್ಸ್, ಎಡ್ಜ್‌ಗಳಲ್ಲೂ ಇದೇ ಪಟ್ಟಿ ಉಂಟು, ದಾರಿ ತುಸು ಬೇರೆ.

ಈ ತೊಂದರೆಗೆ ಒಂದು ಇತಿಹಾಸವೂ ಇದೆ. ಬೇರೆ ಕಿಟಕಿಯಲ್ಲಿ ಜಾಹೀರಾತು ತೆರೆಯುವ ಕೋಡನ್ನು 1990ರ ದಶಕದ ಕೊನೆಯಲ್ಲಿ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ ಬರೆದವರು ಈಥನ್ ಜುಕರ್‌ಮನ್. 2014ರಲ್ಲಿ ಲೇಖನವೊಂದರಲ್ಲಿ ಅದಕ್ಕಾಗಿ ಕ್ಷಮೆಯನ್ನೂ ಕೇಳಿದರು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಪಾಪ್‌ಅಪ್ ತಡೆ ಬಂತು. 2015ರಲ್ಲಿ ಕ್ರೋಮ್ ವೆಬ್‌ಸೈಟ್‌ಗಳಿಗೆ ನೋಟಿಫಿಕೇಶನ್ ಕಳಿಸುವ ಸೌಲಭ್ಯ ಕೊಟ್ಟಿತು. ಮುಂಬಾಗಿಲಿಗೆ ಅಗುಳಿ ಬಿದ್ದು ಕಾದಿದ್ದವರಿಗೆ ಹಿತ್ತಿಲ ಬಾಗಿಲು ಸಿಕ್ಕಿತು. ಕಾಟ ಎಷ್ಟಾಯಿತೆಂದರೆ 2020ರ ಶುರುವಿನಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಆ ಪೆಟ್ಟಿಗೆಯ ಬಾಯಿಗೆ ತುಸು ಬಟ್ಟೆ ತುರುಕಬೇಕಾಯಿತು.

ಇನ್ನು ಎರಡನೇ ದಾರಿ. ಜಾಹೀರಾತು ಮೂಲೆಯಲ್ಲಿ ಬರುತ್ತಿಲ್ಲ, ಪುಟದ ಒಳಗೇ ಬರುತ್ತಿದೆ. ನೀವು ಗೂಗಲ್‌ನಲ್ಲಿ ಹುಡುಕಿದರೆ ಉತ್ತರ ಬೇರೆ ಯಾವುದೋ ಸರ್ಚ್ ಪುಟದಲ್ಲಿ ತೆರೆಯುತ್ತದೆ, ಓದುತ್ತಿರುವ ಸಾಲಿನ ಪದಗಳಿಗೆ ಇದ್ದಕ್ಕಿದ್ದಂತೆ ಲಿಂಕ್ ಮೂಡುತ್ತದೆ. ಒಂದೇ ಸೈಟಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಅದು ಆ ಸೈಟಿನ ದಂಧೆ, ನಿಮ್ಮ ಕಂಪ್ಯೂಟರಿನಲ್ಲಿ ತೊಳೆಯುವುದು ಏನೂ ಇಲ್ಲ. ಕಳ್ಳ ಸಿನಿಮಾ ಸೈಟಿನಲ್ಲಿ ಎಲ್ಲಿ ಒತ್ತಿದರೂ ಹೊಸ ಟ್ಯಾಬ್ ತೆರೆಯುತ್ತದೆ ಎಂದು ದೂರು ತರುವವರಿಗೆ ನಾನು ಏನು ಹೇಳಲಿ? ಎಲ್ಲ ಸೈಟಿನಲ್ಲೂ ಆಗುತ್ತಿದ್ದರೆ ಅನುಮಾನ ಎಕ್ಸ್‌ಟೆನ್ಶನ್ ಮೇಲೆ, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ ಮೇಲೆ. ಇದಕ್ಕೆ ಸುಲಭದ ಪರೀಕ್ಷೆ ಬ್ರೌಸರಿನ ಇನ್‌ಕಾಗ್ನಿಟೊ, ಅಂದರೆ ಖಾಸಗಿ, ಕಿಟಕಿ. ನೀವಾಗಿ ಒಪ್ಪಿಗೆ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಅಲ್ಲಿ ಜಾಹೀರಾತು ಮಾಯವಾಗಿ, ಮಾಮೂಲಿ ಕಿಟಕಿಯಲ್ಲಿ ಮತ್ತೆ ಬಂದರೆ ಕಳ್ಳ ಸಿಕ್ಕಂತೆಯೇ. ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ.

“ಅದು ಮೂರು ವರ್ಷದಿಂದ ಇದೆ, ಅದು ಒಳ್ಳೆಯದು” ಎಂದು ಯಾವ ಎಕ್ಸ್‌ಟೆನ್ಶನ್ನನ್ನೂ ಬಿಟ್ಟುಬಿಡಬೇಡಿ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬುದು ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ಜನಪ್ರಿಯ ಎಕ್ಸ್‌ಟೆನ್ಶನ್. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ದಾಟಿಸಿದರು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಇದೆಯೆಂದು ಕಿತ್ತುಹಾಕಿತು. ಮಾಲೀಕ ಬದಲಾದಾಗ ನಿಮಗೆ ಪತ್ರ ಬರುವುದಿಲ್ಲ, ಅಪ್‌ಡೇಟ್ ಮಾತ್ರ ಸದ್ದಿಲ್ಲದೆ ಬರುತ್ತದೆ.

ಕೆಲವೊಮ್ಮೆ ಎಕ್ಸ್‌ಟೆನ್ಶನ್ ಕಣ್ಣಿಗೆ ಕಾಣುತ್ತದೆ, ಅದನ್ನು ತೆಗೆಯುವ ‘ರಿಮೂವ್’ ಗುಂಡಿಯೇ ಇರುವುದಿಲ್ಲ. ಆಗ ಕ್ರೋಮ್‌ನ ಮೂರು ಚುಕ್ಕಿಯ ಮೆನುವಿನ ಕೊನೆಗೆ ನೋಡಿ. ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಆಫೀಸು ಕೊಟ್ಟ ಲ್ಯಾಪ್‌ಟಾಪ್ ಆದರೆ ಸರಿ, ಅದನ್ನು ಮುಟ್ಟಲೂ ಹೋಗಬೇಡಿ. ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ? ದೊಡ್ಡ ಕಂಪನಿಗಳು ತಮ್ಮ ಸಾವಿರಾರು ಕಂಪ್ಯೂಟರುಗಳಿಗೆ ಒಂದೇ ಕಡೆಯಿಂದ ನಿಯಮ ಹಾಕಲು ಮಾಡಿದ ಸೌಲಭ್ಯವನ್ನು ಆ್ಯಡ್‌ವೇರ್, ಅಂದರೆ ಜಾಹೀರಾತು ತುರುಕುವ ಸಾಫ್ಟ್‌ವೇರ್, ತನಗೆ ಬೇಲಿ ಮಾಡಿಕೊಂಡಿರುತ್ತದೆ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್ ಎಂದು ಬರೆದು, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಹೊಡೆದರೆ ಆ ನಿಯಮಗಳೆಲ್ಲ ಸಾಲಾಗಿ ಕಾಣುತ್ತವೆ. ಬಲವಂತವಾಗಿ ಎಕ್ಸ್‌ಟೆನ್ಶನ್ ಕೂರಿಸುವ ‘ಫೋರ್ಸ್‌ಲಿಸ್ಟ್’ ನಿಯಮ ಅಲ್ಲಿದ್ದರೆ, ಬೇರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿರುತ್ತದೆ: ಸಾಫ್ಟ್‌ವೇರ್, ಅದರೊಳಗೆ ಪಾಲಿಸೀಸ್, ಗೂಗಲ್, ಕ್ರೋಮ್. ಅಳಿಸುವ ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ರಿಜಿಸ್ಟ್ರಿಗೆ ಕೈಹಾಕಿ ಅಭ್ಯಾಸವಿಲ್ಲದಿದ್ದರೆ ಗೊತ್ತಿದ್ದವರನ್ನು ಕೂರಿಸಿಕೊಳ್ಳಿ.

ಬ್ರೌಸರಿನ ಹೊರಗೆ ಕುಳಿತ ಆ್ಯಡ್‌ವೇರಿನದು ಹಳೆಯ ಕಥೆ. ಉಚಿತ ಸಾಫ್ಟ್‌ವೇರ್ ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತುವವರ ಅವಸರದ ಮೇಲೇ ಬದುಕುವ ವ್ಯಾಪಾರ ಅದು. ಜಾವಾ ಹಾಕಿದರೆ ಆಸ್ಕ್ ಟೂಲ್‌ಬಾರ್ ಜೊತೆಗೆ ಬರುತ್ತಿದ್ದ ಕಾಲವಿತ್ತು. ಓಪನ್ ಸೋರ್ಸ್‌ನವರ ತವರಾಗಿದ್ದ ಸೋರ್ಸ್‌ಫೋರ್ಜ್ ಕೂಡ 2013ರಲ್ಲಿ ಇನ್‌ಸ್ಟಾಲರ್ ಜೊತೆಗೆ ಬೇಡದ್ದನ್ನು ಕಟ್ಟಿ ಕೊಡಲು ಶುರುಮಾಡಿ, 2016ರಲ್ಲಿ ಹೊಸ ಮಾಲೀಕರು ಬಂದ ಮೇಲೆ ನಿಲ್ಲಿಸಿತು. ಇಲ್ಲಿ ನನ್ನ ಮೆಚ್ಚಿನ ಉಪಾಯ ತೀರಾ ಸರಳ. ಕಾಟ ಯಾವಾಗ ಶುರುವಾಯಿತು ಎಂದು ಕೇಳುತ್ತೇನೆ. ಪ್ರೋಗ್ರಾಂಗಳ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸುತ್ತೇನೆ. ನಿಮಗೆ ಬೇಕಿದ್ದ ಒಂದು ವಿಡಿಯೊ ಕನ್ವರ್ಟರ್, ಅದರ ಅಕ್ಕಪಕ್ಕದಲ್ಲೇ ಅದೇ ದಿನ ಬಂದು ಕೂತ ಮೂರು ಅಪರಿಚಿತ ಹೆಸರು ಸಿಕ್ಕೇ ಸಿಗುತ್ತವೆ. ನಾಲ್ಕನ್ನೂ ಕಳಿಸಿ, ಮೂವರನ್ನು ಕರೆತಂದವನ ಮೇಲೆ ಕನಿಕರ ಬೇಡ.

ಆಮೇಲೆ ಒಂದು ಸಾಧನ ಓಡಿಸಿದರೆ ಸಾಕು. ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯುಕ್ಲೀನರ್ ಉಚಿತ, ಈ ಕೆಲಸಕ್ಕೆಂದೇ ಮಾಡಿದ್ದು. ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ, ಸರ್ಚ್‌ನಲ್ಲಿ ಜಾಹೀರಾತಾಗಿ ಬಂದ ಮೊದಲ ಲಿಂಕಿನಿಂದ ಬೇಡ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಇದೆಯೇ ನೋಡಿ. ಕ್ರೋಮ್‌ನ ಒಳಗೇ ಒಂದು ಕ್ಲೀನಪ್ ಸಾಧನ ಇದೆ ಎಂದು ಹಳೆಯ ವಿಡಿಯೊಗಳು ಈಗಲೂ ಹೇಳುತ್ತವೆ. ಹುಡುಕಬೇಡಿ, 2023ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿದೆ. ಇನ್ನು, ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಎಂದು ಯಾವುದಾದರೂ ಕಿಟಕಿ ಕೇಳಿದರೆ ಅದು ಸುಳ್ಳು ಎಂದು ಕಣ್ಣುಮುಚ್ಚಿ ಹೇಳಬಹುದು; ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದೆ. ಮ್ಯಾಕ್‌ಗೆ ಇಂಥದ್ದೇನೂ ಬರುವುದಿಲ್ಲ ಎನ್ನುವವರಿಗೂ ಹೇಳಿಬಿಡುತ್ತೇನೆ: ಷ್ಲೇಯರ್ ಎಂಬ ಆ್ಯಡ್‌ವೇರ್ ಮ್ಯಾಕ್‌ಗಳಿಗೆ ನುಗ್ಗಿದ್ದು ಇದೇ ನಕಲಿ ಫ್ಲ್ಯಾಶ್ ವೇಷದಲ್ಲಿ.

ಎಲ್ಲ ಆದಮೇಲೂ ಬ್ರೌಸರ್ ತೆರೆದ ಕೂಡಲೇ ಅದೇ ಪುಟ ಬರುತ್ತದೆಯೇ? ಡೆಸ್ಕ್‌ಟಾಪಿನ ಐಕಾನ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲು ಓದಿ. ಅದು ಕ್ರೋಮ್ ಡಾಟ್ ಇಎಕ್ಸ್‌ಇ ಎಂದು ಮುಗಿಯಬೇಕು. ಅದರ ಬಾಲಕ್ಕೆ ಒಂದು ವೆಬ್ ವಿಳಾಸ ಅಂಟಿಕೊಂಡಿದ್ದರೆ ಅದನ್ನು ಕತ್ತರಿಸಿ. ಗಡಿಯಾರ ಹಿಡಿದ ಹಾಗೆ ಗಂಟೆಗೊಮ್ಮೆ ಬರುತ್ತಿದ್ದರೆ ಟಾಸ್ಕ್ ಶೆಡ್ಯೂಲರ್ ನೋಡಿ. ಮನೆಯ ಫೋನುಗಳೂ ಸೇರಿ ಎಲ್ಲದರಲ್ಲೂ ಬರುತ್ತಿದ್ದರೆ ಕಂಪ್ಯೂಟರನ್ನು ಬಿಟ್ಟು ರೌಟರ್ ಹತ್ತಿರ ಹೋಗಿ, ಅದರ ಡಿಎನ್‌ಎಸ್ ವಿಳಾಸವನ್ನು, ಅಂದರೆ ಸೈಟಿನ ಹೆಸರು ಹೊಡೆದರೆ ಅದು ಎಲ್ಲಿದೆ ಎಂದು ದಾರಿ ಹೇಳುವ ಸರ್ವರಿನ ವಿಳಾಸವನ್ನು, ಯಾರೋ ಬದಲಿಸಿರಬಹುದು. 2011ರಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್ ಚೇಂಜರ್ ಜಾಲ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಈ ಡಿಎನ್‌ಎಸ್ ವಿಳಾಸ ಬದಲಿಸಿಯೇ ಜಾಹೀರಾತಿನ ದುಡ್ಡು ಮಾಡಿಕೊಂಡಿತ್ತು.

ನಾನಾಗಿ ಒಪ್ಪದೆ ಏನೂ ಬರುವುದಿಲ್ಲವೇ ಎಂದರೆ, ಹಾಗೂ ಇಲ್ಲ. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪುಗಳು ಸೂಪರ್‌ಫಿಶ್ ಎಂಬ ಆ್ಯಡ್‌ವೇರ್ ಹೊತ್ತೇ ಪೆಟ್ಟಿಗೆಯಿಂದ ಹೊರಬಂದವು. ಅದು ಸೈಟು ಅಸಲಿ ಎಂದು ಬ್ರೌಸರಿಗೆ ಸಾಕ್ಷಿ ಹೇಳುವ ರೂಟ್ ಸರ್ಟಿಫಿಕೇಟನ್ನು ತನ್ನದೇ ಕೂರಿಸಿಕೊಂಡು, ಬೀಗದ ಗುರುತಿರುವ ಸುರಕ್ಷಿತ ಪುಟಗಳ ಒಳಗೂ ಜಾಹೀರಾತು ತುರುಕುತ್ತಿತ್ತು. ಎಲ್ಲ ಲ್ಯಾಪ್‌ಟಾಪಿಗೂ ಆ ಸರ್ಟಿಫಿಕೇಟಿನ ಗುಪ್ತ ಕೀಲಿ ಒಂದೇ ಎಂದು 2015ರ ಫೆಬ್ರುವರಿಯಲ್ಲಿ ಗೊತ್ತಾದಾಗ ದೊಡ್ಡ ರಾದ್ಧಾಂತವಾಯಿತು, ಕಂಪನಿಯೇ ಅದನ್ನು ತೆಗೆಯುವ ಸಾಧನ ಕೊಡಬೇಕಾಯಿತು. ಆದರೆ ನನ್ನ ಮೇಜಿಗೆ ಬರುವ ಹೆಚ್ಚಿನವು ಮೇಷ್ಟ್ರ ಕಂಪ್ಯೂಟರಿನ ಜಾತಿಯವೇ.

ಫಾರ್ಮ್ಯಾಟ್ ಬಗ್ಗೆ ನನ್ನದೇ ಒಂದು ಪೆಚ್ಚಾದ ಕಥೆ ಇದೆ. ಕೆಲಸ ಹೊಸದರಲ್ಲಿ ಒಬ್ಬರ ಕಂಪ್ಯೂಟರಿನ ಸರ್ಚ್ ಕಾಟ ಹೋಗದೆ, ಅರ್ಧ ದಿನ ಕೂತು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಅವರು ಬಂದು ಎದುರಿಗೇ ಕ್ರೋಮ್‌ಗೆ ತಮ್ಮ ಖಾತೆಯಿಂದ ಲಾಗಿನ್ ಆದರು. ಬುಕ್‌ಮಾರ್ಕ್ ಬಂತು, ಪಾಸ್‌ವರ್ಡ್ ಬಂತು, ಬೆನ್ನ ಹಿಂದೆಯೇ ಅದೇ ಎಕ್ಸ್‌ಟೆನ್ಶನ್ನೂ ಬಂತು. ಅದು ಇದ್ದದ್ದು ಅವರ ಖಾತೆಯ ಸಿಂಕ್‌ನಲ್ಲಿ, ನಾನು ಒರೆಸಿದ್ದು ಡಿಸ್ಕನ್ನು. ಅಂದಿನಿಂದ ಮೊದಲು ಸಿಂಕ್ ನಿಲ್ಲಿಸುತ್ತೇನೆ, ಆಮೇಲೆ ಉಳಿದದ್ದು.

ಪರದೆ ಪೂರ್ತಿ ಆವರಿಸಿ, ಕಿರುಚುತ್ತ, ಈ ನಂಬರಿಗೆ ಫೋನ್ ಮಾಡಿ ಎನ್ನುವ ಪುಟ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ ‘ರಿಸ್ಟೋರ್’ ಕೇಳಿದರೆ ಬೇಡ ಎನ್ನಿ. ಅದು ಬರೀ ಪುಟ. ಆದರೆ ಫೋನ್ ಮಾಡಿ, ಅವರು ಹೇಳಿದಂತೆ ರಿಮೋಟ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಇದು ಜಾಹೀರಾತಿನ ವಿಷಯವಾಗಿ ಉಳಿದಿಲ್ಲ: ಇಂಟರ್ನೆಟ್ ಕಿತ್ತು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ.

ಆ್ಯಡ್ ಬ್ಲಾಕರ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಿ, ಶುಚಿ ಮಾಡಿದ ಮೇಲೆ. ಮೊದಲೇ ಹಾಕಿದರೆ ಸೋರುವ ಜಾಗ ಮುಚ್ಚಿಹೋಗುತ್ತದೆ. ಯುಬ್ಲಾಕ್ ಒರಿಜಿನ್ ಪೂರ್ಣ ರೂಪದಲ್ಲಿ ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತದೆ. ಕ್ರೋಮ್ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಅದರ ‘ಲೈಟ್’ ರೂಪವೇ ಗತಿ. ಹೆಸರಿನ ಅಕ್ಷರ ಸರಿಯಾಗಿ ನೋಡಿ ಹಾಕಿ, ನಕಲಿಗಳಿವೆ.

ಮೇಷ್ಟ್ರು ಒಂದು ವಾರದ ಮೇಲೆ ಫೋನ್ ಮಾಡಿದ್ದರು. “ಜಾಹೀರಾತು ಪೂರ್ತಿ ನಿಂತಿದೆ. ಆದರೆ ಮೇಲ್ ಬಂದರೆ ಟಿಂಗ್ ಅಂತಿತ್ತಲ್ಲ, ಅದೂ ನಿಂತಿದೆ.” ಎಲ್ಲರಿಗೂ ಬಾಗಿಲು ಹಾಕಿದ್ದು ನಾನೇ. ಫೋನಿನಲ್ಲೇ ದಾರಿ ಹೇಳಿದೆ, ಅನುಮತಿಯ ಪಟ್ಟಿಗೆ ಮೇಲ್‌ನ ವಿಳಾಸವೊಂದನ್ನು ಅವರೇ ಟೈಪ್ ಮಾಡಿ ಸೇರಿಸಿದರು. ಪಟ್ಟಿಯಲ್ಲಿ ಈಗ ಎಷ್ಟು ಹೆಸರಿದೆ ಓದಿ ಸಾರ್ ಎಂದೆ. “ಒಂದೇ” ಎಂದರು.